ಗಣಕ ಬಂತು, ಕಲಿಸುವವರು ಯಾರು?

ಬನಹಟ್ಟಿಯ ಪರಿಚಯದ ಸೀರೆ ವ್ಯಾಪಾರಿಯೊಬ್ಬರ ಅಂಗಡಿಗೆ ನಾನು ಮೊದಲ ಸಲ ಹೋದಾಗ, ಗಾದಿಯ ಮಗ್ಗುಲಲ್ಲಿ ಗಣಕಯಂತ್ರವೊಂದು ಹಳೆಯ ಸೀರೆಯ ತುಂಡು ಹೊದ್ದುಕೊಂಡು ಕೂತಿತ್ತು. ಅದರ ಮೇಲೆ ಊದಿನಕಡ್ಡಿಯ ಬೂದಿ ಬಿದ್ದಿತ್ತು. ಲೆಕ್ಕಪತ್ರದ ತಂತ್ರಾಂಶ ಕೊಂಡು ಆಗಲೇ ಎರಡು ವರ್ಷವಾಗಿತ್ತಂತೆ. ಪಕ್ಕದಲ್ಲಿ ಅರವತ್ತು ದಾಟಿದ ದಿವಾನಜಿಯವರು ಕೆಂಪು ರಟ್ಟಿನ ವಹಿಯಲ್ಲಿ ಎಂದಿನಂತೆ ಕಿರ್ದಿ ಬರೆಯುತ್ತಿದ್ದರು.

“ಇದನ್ನ ನಡಸಂಗಿಲ್ಲೇನ್ರಿ ಸಾವಕಾರ್ರ?” ಎಂದು ಕೇಳಿದೆ.

“ನಡಸ್ತೀವಲ್ರಿ ಸರ. ತಿಂಗಳಿಗೊಮ್ಮೆ ಟ್ಯಾಕ್ಸಿನ ಹುಡುಗ ಬರ್ತಾನ, ಎಲ್ಲಾ ತುಂಬಿ ಹೋಗ್ತಾನ. ನಮಗ ಅದರ ಗೊಡವಿ ಇಲ್ಲ.”

ಇದು ಒಬ್ಬರ ಅಂಗಡಿಯ ಮಾತಲ್ಲ. ಜಮಖಂಡಿಯ ಅಡತಿ ಅಂಗಡಿಗಳಿಂದ ಹಿಡಿದು ಮುಧೋಳದ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗಳವರೆಗೆ ನಾನು ಕಂಡ ಅನೇಕ ಕಡೆ ಗಣಕದ ಪಾಡು ಇದೇ ಆಗಿದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. 2018ರ ಏಪ್ರಿಲ್ 1ರಿಂದ ನಮ್ಮ ರಾಜ್ಯದೊಳಗೇ ಸರಕು ಸಾಗಿಸಲು ಇ-ವೇ ಬಿಲ್ಲು ಬೇಕಾಯಿತು, ಅದೂ ದೇಶದಲ್ಲೇ ಮೊದಲು ಕರ್ನಾಟಕದಲ್ಲಿ. ಇ-ಇನ್‌ವಾಯ್ಸ್ ಎಂಬುದು 2020ರಲ್ಲಿ 500 ಕೋಟಿ ರೂಪಾಯಿ ವಹಿವಾಟಿನವರಿಂದ ಶುರುವಾಗಿ, 2023ರ ಆಗಸ್ಟ್ 1ರ ಹೊತ್ತಿಗೆ 5 ಕೋಟಿಯವರೆಗೆ ಇಳಿದು ಬಂತು. ಹೀಗೆ ಒಂದರ ಹಿಂದೊಂದು ಬಂದಾಗ ವ್ಯಾಪಾರಿ ಹೆದರಿ ತಂತ್ರಾಂಶ ಕೊಂಡ. ಕೊಂಡದ್ದು ಸರಕಾರದ ಸಲುವಾಗಿ, ತನ್ನ ಸಲುವಾಗಿ ಅಲ್ಲ. ಅಲ್ಲಿಯೇ ತಪ್ಪಿತು ನೋಡಿ.

ಈ ಅಂಕಣ ಓದುವ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ವ್ಯಾಪಾರಿಯ ತೊಂದರೆ ಕಟ್ಟಿಕೊಂಡು ಆಗಬೇಕಾದದ್ದೇನು ಎಂದು ನೀವು ಕೇಳಬಹುದು. ಆಗಬೇಕಾದದ್ದು ಬಹಳಿದೆ. ನಮ್ಮ ನಾಲ್ಕೂ ಊರುಗಳ ಬಿ.ಕಾಂ. ಹುಡುಗ ಹುಡುಗಿಯರು ಮೂರು ತಿಂಗಳ ತರಬೇತಿ ಮುಗಿಸಿ, ಸರ್ಟಿಫಿಕೇಟು ಹಿಡಿದು ಹೋಗಿ ನಿಲ್ಲುವುದು ಇಂಥ ಅಂಗಡಿಗಳ ಮುಂದೆಯೇ.

ಈ ತಂತ್ರಾಂಶ ಹುಟ್ಟಿದ ಕಥೆಯನ್ನೊಮ್ಮೆ ನೆನೆಯುವುದು ಒಳ್ಳೆಯದು. ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಎಂಬ ಉದ್ಯಮಿ ಕಾರ್ಖಾನೆಗಳಿಗೆ, ಜವಳಿ ಗಿರಣಿಗಳಿಗೆ ಕಚ್ಚಾ ಸಾಮಾನು ಮತ್ತು ಯಂತ್ರದ ಬಿಡಿಭಾಗ ಒದಗಿಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಪೇಟೆಯಲ್ಲಿ ಸಿಗದೆ, ಗಣಿತ ಓದಿದ್ದ ಮಗ ಭರತ ಗೋಯೆಂಕಾ ಅವರಿಗೆ ನೀನೇ ಒಂದು ಬರೆ ಎಂದರು. 1986ರಲ್ಲಿ ಹೀಗೆ ಶುರುವಾದ ಸಂಸ್ಥೆಯೇ ಇಂದಿನ ಟ್ಯಾಲಿ. ಭರತ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ನನಗೆ ಈ ಕಥೆಯಲ್ಲಿ ಹಿಡಿಸುವುದು ಪ್ರಶಸ್ತಿಯಲ್ಲ. ತಂದೆಗೆ ವ್ಯಾಪಾರ ಗೊತ್ತಿತ್ತು, ಮಗನಿಗೆ ಯಂತ್ರ ಗೊತ್ತಿತ್ತು. ಇಬ್ಬರೂ ಒಂದೇ ಮನೆಯಲ್ಲಿದ್ದರು. ತಪ್ಪಿದಲ್ಲಿ ತಂದೆ ಗದರಿಸಿ ಹೇಳಬಹುದಿತ್ತು, ಮಗ ರಾತ್ರಿಯೇ ತಿದ್ದಬಹುದಿತ್ತು. ನಮ್ಮ ಅಂಗಡಿಗಳಲ್ಲಿ ವ್ಯಾಪಾರ ಬಲ್ಲವರು ಗಾದಿಯ ಮೇಲೆ, ಯಂತ್ರ ಬಲ್ಲವರು ಬಸ್‌ಸ್ಟ್ಯಾಂಡಿನ ಎದುರಿನ ತರಬೇತಿ ಕೇಂದ್ರದಲ್ಲಿ. ನಡುವೆ ಮಾತುಕತೆಯೇ ಇಲ್ಲ.

ಆ ಮಾತುಕತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಊರು ಮತ್ತು ಮಾಲಕರ ಹೆಸರು ಬೇಡ.

ರಬಕವಿ-ಬನಹಟ್ಟಿ ಸೀಮೆಯ ರೂಢಿ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಮಾಲಕರು ನೇಕಾರರಿಗೆ ನೂಲು ತೂಗಿ ಕೊಡುತ್ತಾರೆ. ನೇಕಾರ ಮನೆಯ ಮಗ್ಗದಲ್ಲಿ ನೇಯ್ದು ಸೀರೆ ತಂದೊಪ್ಪಿಸುತ್ತಾನೆ. ವಾರದ ಬಟವಾಡೆಯ ದಿನ ಮಜೂರಿ ಸಿಗುತ್ತದೆ. ಕೊಟ್ಟ ನೂಲೆಷ್ಟು, ಬಂದ ಸೀರೆಗೆ ಹತ್ತಿದ ನೂಲೆಷ್ಟು, ನೇಕಾರನ ಕಡೆ ಉಳಿದಿರುವುದೆಷ್ಟು ಎಂಬುದೇ ಇಲ್ಲಿಯ ಮುಖ್ಯ ಲೆಕ್ಕ. ಇದನ್ನು ದಿವಾನಜಿಯವರು ತಲತಲಾಂತರದಿಂದ ಒಂದು ಉದ್ದನೆಯ ವಹಿಯಲ್ಲಿ ಇಟ್ಟುಕೊಂಡು ಬಂದಿದ್ದಾರೆ.

ಆ ಅಂಗಡಿಗೆ ಹೊಸದಾಗಿ ಬಂದ ಹುಡುಗ ಚುರುಕಾಗಿದ್ದ. ಕೀಲಿಮಣೆಯ ಮೇಲೆ ಅವನ ಬೆರಳು ಓಡುತ್ತಿದ್ದವು. ಒಂದು ವಾರದಲ್ಲಿ ಎಲ್ಲ ನೇಕಾರರ ಖಾತೆ ತೆರೆದ. ಸರಕಿನ ಪಟ್ಟಿಯಲ್ಲಿ ‘ಸೀರೆ’ ಎಂದು ಒಂದೇ ಹೆಸರು ಬರೆದ. ಒಂದು ಸೀರೆಗೆ ನೂಲು ಎಷ್ಟು ಹತ್ತುತ್ತದೆಂದು ಯಾರನ್ನೋ ಕೇಳಿ 400 ಗ್ರಾಂ ಎಂದು ತುಂಬಿದ. ಅದು ಆರು ಗಜದ ಸೀರೆಯ ಲೆಕ್ಕ. ಅಲ್ಲೊಬ್ಬ ನೇಕಾರ ವಯಸ್ಸಾದ ಹೆಣ್ಣುಮಕ್ಕಳು ಉಡುವ ಒಂಬತ್ತು ಗಜದ ಸೀರೆಯನ್ನಷ್ಟೇ ನೇಯುತ್ತಿದ್ದ. ಅದಕ್ಕೆ ಹತ್ತುವುದು ಒಂದೂವರೆ ಪಟ್ಟು, ಅಂದರೆ 600 ಗ್ರಾಂ. ಅವನು ತಂದೊಪ್ಪಿಸಿದ್ದು 60 ಸೀರೆ. ನಿಜವಾಗಿ ಹೋದ ನೂಲು 36 ಕಿಲೋ. ಯಂತ್ರ 24 ಕಿಲೋ ಎಂದು ಗುಣಿಸಿತು. ಉಳಿದ 12 ಕಿಲೋ ನೂಲು ಆ ನೇಕಾರನ ಹೆಸರಿನ ಮೇಲೆ ಬಾಕಿಯಾಗಿ ಕೂತಿತು.

ಬಟವಾಡೆಯ ದಿನ ಮಾಲಕರು ಮುದ್ರಿತ ಕಾಗದ ನೋಡಿ ಮಜೂರಿ ತಡೆದರು. ಆ ಮನುಷ್ಯ ಇಪ್ಪತ್ತು ವರ್ಷದಿಂದ ಅದೇ ಅಂಗಡಿಗೆ ನೇಯುತ್ತಿದ್ದವನು. “ನಾ ಏನ್ ನೂಲ್ ತಿಂದೀನೇನ್ರಿ ಸಾವಕಾರ್ರ?” ಎಂದು ಕೇಳಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಓಣಿಯ ಜನ ನೋಡುತ್ತಿದ್ದರು. ದಿವಾನಜಿ ಆ ದಿನ ಮದುವೆಗೆ ಹೋಗಿದ್ದರು. ಮರುದಿನ ಬಂದವರು ಕಾಗದ ನೋಡಿದ ಕೂಡಲೇ, “ಅವಾ ಒಂಬತ್ತ ಗಜದಾವ ಅದಾನೋ ತಮ್ಮಾ” ಎಂದರು. ತಪ್ಪು ಹೊರಬಿತ್ತು. ಮಜೂರಿಯೂ ಸಿಕ್ಕಿತು. ಆದರೆ ಆ ನೇಕಾರ ಮುಂದೆ ಬೇರೊಬ್ಬ ಮಾಲಕರ ಬೀಮು ಹಿಡಿದ. ಹುಡುಗನ ಕೆಲಸವೂ ಹೋಯಿತು.

ಇದರಲ್ಲಿ ಹುಡುಗನ ತಪ್ಪೆಷ್ಟು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅವನಿಗೆ ಒತ್ತುವ ಕೀಲಿಗಳು ಬಾಯಿಪಾಠವಾಗಿದ್ದವು: ಎಫ್5 ಪಾವತಿಗೆ, ಎಫ್6 ಜಮೆಗೆ, ಎಫ್8 ಮಾರಾಟಕ್ಕೆ, ಎಫ್9 ಖರೀದಿಗೆ. ಕಲಿಸಿದವರು ಅಷ್ಟನ್ನೇ ಕಲಿಸಿದ್ದರು, ಅದೂ ಎಲ್ಲಿಯೋ ಇಲ್ಲದ ಒಂದು ‘ಎ.ಬಿ.ಸಿ. ಕಂಪನಿ’ಯ ಲೆಕ್ಕ ಹಿಡಿದು. ಮಗ್ಗದ ಊರಿನಲ್ಲಿ ಕುಳಿತು ಸೀರೆಯ ಉದ್ದ ಕೇಳಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಮಾಲಕರು ದಿವಾನಜಿಯನ್ನು ಅವನ ಪಕ್ಕ ಕೂಡಿಸಲಿಲ್ಲ. ದಿವಾನಜಿ ತಾವಾಗಿ ಹೋಗಿ ಕೂಡಲಿಲ್ಲ. ಯಾಕೆ ಕೂಡುತ್ತಾರೆ? ಯಂತ್ರ ಸರಿಹೋದರೆ ನಾಳೆ ತಮ್ಮ ಕುರ್ಚಿ ಹೋಗುತ್ತದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಣಕದ ತರಬೇತಿಯಲ್ಲಿ ಎಲ್ಲರೂ ಮರೆಯುವುದು ಈ ಅಂಜಿಕೆಯನ್ನು. ಹಿರಿಯರು ಕಲಿಯಲಾರದವರೆಂದು ಹುಡುಗರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅವರಿಗೆ ಕಲಿಯುವ ಕಷ್ಟಕ್ಕಿಂತ ಮೊಮ್ಮಗನ ವಯಸ್ಸಿನವನ ಮುಂದೆ ತಪ್ಪುವ ನಾಚಿಕೆ ದೊಡ್ಡದು. ಭಾಷೆಯೂ ಅಡ್ಡ ಬರುತ್ತದೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಎರಡೂ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಸಂಸ್ಥಾನ ಹೋದರೂ ಕಿರ್ದಿ, ಖತಾವಣಿ, ಜಮಾ, ನಾವೆ, ಬಾಕಿ, ಉದ್ರಿ ಎಂಬ ಆ ಕಾಲದ ಲೆಕ್ಕದ ಮಾತುಗಳು ನಮ್ಮ ಪೇಟೆಯಲ್ಲಿ ಉಳಿದುಕೊಂಡವು. ಈ ಮಾತುಗಳಲ್ಲಿ ಯೋಚಿಸುವವರ ಮುಂದೆ ಡೆಬಿಟ್, ಕ್ರೆಡಿಟ್, ಬೈ, ಟು ಎಂದು ಹೇಳುತ್ತ ಹೋದರೆ ನಲವತ್ತು ವರ್ಷ ಲೆಕ್ಕ ಬರೆದವರೂ ದಡ್ಡರಂತೆ ಕಾಣುತ್ತಾರೆ. ‘ಡೆಬಿಟ್ ಅಂದರ ನಾವೆ, ಕಾಕಾ’ ಎಂದರೆ ಅರ್ಧ ಪಾಠ ಮುಗಿದಂತೆ. 2006ರಲ್ಲಿ ಬಂದ ಟ್ಯಾಲಿ 9ರಲ್ಲೇ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವ ಅನುಕೂಲವಿತ್ತು. ನಮ್ಮ ಕಡೆ ಅದನ್ನು ತೆರೆದು ತೋರಿಸಿದ ಗುರುಗಳನ್ನು ನಾನು ಕಂಡಿದ್ದು ಬಹಳ ಕಡಿಮೆ.

ಅಮೆರಿಕದಲ್ಲಿಯೂ ಈ ಪಾಡು ಇತ್ತೆನ್ನುವುದು ನಮಗೆ ಸಮಾಧಾನ ಕೊಡಬೇಕು. 1980ರ ದಶಕದಲ್ಲಿ ಐ.ಬಿ.ಎಂ. ಕಂಪನಿಯ ಸಂಶೋಧನ ಕೇಂದ್ರದಲ್ಲಿ ಜಾನ್ ಕ್ಯಾರೊಲ್ ಎಂಬ ಮನಃಶಾಸ್ತ್ರಜ್ಞರು, ಕಚೇರಿಯ ಬೆರಳಚ್ಚುಗಾರ್ತಿಯರು ಹೊಸ ಗಣಕವನ್ನು ಹೇಗೆ ಕಲಿಯುತ್ತಾರೆಂದು ಪಕ್ಕದಲ್ಲಿ ಕೂತು ನೋಡಿದರು. ದಪ್ಪ ಪುಸ್ತಕದಲ್ಲಿ ಹೇಳಿದ ಕ್ರಮವನ್ನು ಅವರು ಅನುಸರಿಸುತ್ತಿರಲಿಲ್ಲ. ನೇರ ತಮ್ಮ ಕೆಲಸಕ್ಕೇ ಕೈ ಹಾಕುತ್ತಿದ್ದರು, ತಪ್ಪುತ್ತಿದ್ದರು, ತಪ್ಪಿನಿಂದ ಹೊರಬರಲು ಗೊತ್ತಾಗದೆ ಒದ್ದಾಡುತ್ತಿದ್ದರು. ಆಗ ಕ್ಯಾರೊಲ್ ಪುಸ್ತಕವನ್ನು ಕಾಲು ಭಾಗಕ್ಕಿಂತ ಕಡಿಮೆಗೆ ಇಳಿಸಿ, ನಿಜವಾದ ಕೆಲಸ ಮತ್ತು ತಪ್ಪು ತಿದ್ದುವ ಬಗೆ ಇವೆರಡಕ್ಕೇ ಒತ್ತು ಕೊಟ್ಟರು. ಹೊಸಬರಿಗೆ ಬೇಡದ ಆದೇಶಗಳು ಒತ್ತಿದರೂ ಓಡದಂತೆ ಬಂದ್ ಮಾಡಿಟ್ಟ ಗಣಕವನ್ನೂ ಪರೀಕ್ಷಿಸಿದರು. ಮಕ್ಕಳ ಸೈಕಲ್ಲಿಗೆ ಹಿಂದೆ ಎರಡು ಸಣ್ಣ ಗಾಲಿ ಕಟ್ಟಿದ ಹಾಗೆ. ಹೀಗೆ ಕಲಿತವರು ಬೇಗ ಕಲಿತರು.

ಆ ಸಣ್ಣ ಗಾಲಿಯ ಸೈಕಲ್ಲು ನಮ್ಮ ಬೀಳಗಿಯಲ್ಲೇ ಇದೆ ಎಂದರೆ ನೀವು ನಂಬುತ್ತೀರೋ ಇಲ್ಲವೋ. 2018ರ ಮಾರ್ಚ್ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಲ್ಲೂ ರಸಗೊಬ್ಬರವನ್ನು ರೈತನ ಆಧಾರ್ ಬೆರಳಚ್ಚು ಪಡೆದು ಕೈಯಲ್ಲಿ ಹಿಡಿಯುವ ಪಿ.ಓ.ಎಸ್. ಯಂತ್ರದ ಮೂಲಕ ಮಾರುವ ಕ್ರಮ ಬಂತು. ಯಂತ್ರದಲ್ಲಿ ಮಾರಾಟ ದಾಖಲಾದರೆ ಮಾತ್ರ ಕಂಪನಿಗೆ ಸಬ್ಸಿಡಿ. ಗಣಕವನ್ನು ಮುಟ್ಟದ ಗೊಬ್ಬರದಂಗಡಿಯವರು ಕೂಡ ಅದನ್ನು ಕಲಿತರು. ಅದರಲ್ಲಿ ಮಾಡುವ ಕೆಲಸ ನಾಲ್ಕೈದೇ. ಮುಂದೆ ಗಿರಾಕಿ ನಿಂತಿರುತ್ತಾನೆ, ದಿನಕ್ಕೆ ಮೂವತ್ತು ಸಲ ಅದೇ ಕೀಲಿ. ಬೀಳಗಿಯ ಅಂಗಡಿಕಾರರೊಬ್ಬರು, “ಹದಿನೈದ ದಿನ ಮಗಾ ಒತ್ತಿದ್ನ್ರಿ, ಆಮ್ಯಾಲ ಅವಾ ಕಾಲೇಜಿಗೆ ಹ್ವಾದಾ, ನಾನ ಒತ್ತಾಕ ಹತ್ತಿದ್ಯಾ” ಎಂದರು. ಮಳೆ ಬಿದ್ದ ಮರುದಿನ ಯೂರಿಯಾಕ್ಕೆ ನೂಕುನುಗ್ಗಲಾದಾಗ ಮೊದಲು ಚೀಲ ಕೊಟ್ಟು ರಾತ್ರಿ ಯಂತ್ರಕ್ಕೆ ತುಂಬುವವರೂ ಇದ್ದಾರೆ, ಆಗ ಗೋದಾಮಿನ ದಾಸ್ತಾನು ಒಂದು, ಯಂತ್ರದ ದಾಸ್ತಾನು ಇನ್ನೊಂದು ಆಗುತ್ತದೆ. ಅದು ಕಲಿಯದ ತಪ್ಪಲ್ಲ, ಗಡಿಬಿಡಿಯ ತಪ್ಪು.

ಹಾಗಾದರೆ ಹಳೆಯ ವಹಿಯನ್ನು ಎಂದು ಬಿಡಬೇಕು? ಇದಕ್ಕೆ ನಮ್ಮ ರಾಜ್ಯದ ‘ಭೂಮಿ’ ಯೋಜನೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಈ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, ಅಂದರೆ ನಮ್ಮ ಕಡೆಯ ಉತಾರಗಳನ್ನು, ಗಣಕಕ್ಕೆ ಏರಿಸಿದರು. ಹೊರಗಿನ ಆಪರೇಟರರನ್ನು ನೆಚ್ಚದೆ ಇಲಾಖೆಯ ಗ್ರಾಮ ಲೆಕ್ಕಿಗರನ್ನೇ ತರಬೇತಿ ಕೊಟ್ಟು ಯಂತ್ರದ ಮುಂದೆ ಕೂಡಿಸಿದರು. ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಯಾರು ಏನು ಮಾಡಿದರೆಂಬುದು ಉಳಿಯುತ್ತದೆ. ಒಂದು ತಾಲೂಕಿನ ಕೆಲಸ ಮುಗಿದ ಮೇಲೆ ಅಲ್ಲಿ ಕೈಬರಹದ ಉತಾರಕ್ಕೆ ಬೆಲೆ ಇಲ್ಲ ಎಂದು ಸಾರಿದರು. ಈ ಕೊನೆಯ ಹೆಜ್ಜೆ ಇರದಿದ್ದರೆ ಮೊದಲಿನವೆಲ್ಲ ವ್ಯರ್ಥವಾಗುತ್ತಿದ್ದವು.

ಅಂಗಡಿಯಲ್ಲಿಯೂ ಹಾಗೆಯೇ. ಒಂದು ತಿಂಗಳು, ಹೆಚ್ಚೆಂದರೆ ಎರಡು ತಿಂಗಳು ವಹಿ ಮತ್ತು ಯಂತ್ರ ಎರಡರಲ್ಲೂ ಬರೆದು ದಿನದ ಕೊನೆಗೆ ತಾಳೆ ನೋಡಬೇಕು. ಆಮೇಲೆ ಒಂದು ತಾರೀಖು ಗೊತ್ತುಮಾಡಿ ವಹಿ ಮುಚ್ಚಬೇಕು. ಮಾಲಕರು ಮಾಡಬೇಕಾದ ಕೆಲಸವೂ ಒಂದಿದೆ. ‘ಇಂಥವರ ಕಡೆ ಬಾಕಿ ಎಷ್ಟು?’ ಎಂದು ಅವರು ಕೇಳಿದಾಗ ದಿವಾನಜಿ ವಹಿ ತೆರೆದು ಹೇಳಿಬಿಟ್ಟರೆ ಯಂತ್ರ ಅಂದಿಗೆ ಸತ್ತಂತೆ. ಯಂತ್ರದಿಂದ ತೆಗೆದು ತೋರಿಸಿ ಎಂದು ಹಟ ಹಿಡಿಯಬೇಕು. ಕೆಲವು ಮಾಲಕರಿಗೆ ಎಲ್ಲ ಲೆಕ್ಕ ಯಂತ್ರದಲ್ಲಿರುವುದೇ ಇಷ್ಟವಿಲ್ಲ ಎಂಬುದೂ ನನಗೆ ಗೊತ್ತು. ಅದಕ್ಕೆ ತರಬೇತಿಯಲ್ಲಿ ಮದ್ದಿಲ್ಲ.

ಕಲಿಯುವ ಕಾಲವನ್ನೂ ನೋಡಿಕೊಳ್ಳಬೇಕು. ಸೀರೆ ಅಂಗಡಿಯವರು ಮದುವೆಯ ಸುಗ್ಗಿಯಲ್ಲಿ ತಂತ್ರಾಂಶ ಕೊಂಡು ‘ಕಲಿಸ್ರಿ’ ಎಂದರೆ ಯಾರು ಕಲಿತಾರು? ಆಷಾಢದಲ್ಲಿ ಗಿರಾಕಿ ಇರುವುದಿಲ್ಲ, ಮನಸ್ಸು ಖಾಲಿ ಇರುತ್ತದೆ. ಆಗ ಕಲಿಯಿರಿ. ಹೊಸ ಲೆಕ್ಕವನ್ನು ಏಪ್ರಿಲ್ 1ಕ್ಕೆ ಆರಂಭಿಸಿದರಾಯಿತು. ತಿಂಗಳ 11ಕ್ಕೂ 20ಕ್ಕೂ ನಡುವಿನ ದಿನಗಳಲ್ಲಿ ತರಬೇತಿ ಇಡಬೇಡಿ. ಪ್ರತಿ ತಿಂಗಳು ಜಿ.ಎಸ್.ಟಿ. ವಿವರಣ ಪತ್ರ ಸಲ್ಲಿಸುವವರಿಗೆ ಅವು ತಲೆ ತುಂಬಿದ ದಿನಗಳು. ಮಾರುವವರು ಬಂದು ಒಂದೇ ದಿನ ಬೆಳಗಿನಿಂದ ಸಂಜೆವರೆಗೆ ಎಲ್ಲವನ್ನೂ ಹೇಳಿ, ಚಹಾ ಕುಡಿದು ಹೋಗುತ್ತಾರೆ. ವಾರಕ್ಕೊಮ್ಮೆ ಎರಡು ತಾಸಿನಂತೆ ನಾಲ್ಕು ವಾರ ಬನ್ನಿ ಎಂದು ದುಡ್ಡು ಕೊಡುವ ಮೊದಲೇ ಒಪ್ಪಂದ ಮಾಡಿಕೊಳ್ಳುವುದು ಮೇಲು. ನಡುವಿನ ದಿನಗಳಲ್ಲಿ ಸಿಕ್ಕಿಬಿದ್ದ ತೊಡಕುಗಳೇ ಮುಂದಿನ ವಾರದ ಪಾಠ. ಅಭ್ಯಾಸಕ್ಕೆ ಅಂಗಡಿಯದೇ ಲೆಕ್ಕದ ಒಂದು ನಕಲು ಮಾಡಿಟ್ಟುಕೊಳ್ಳಿ, ಅದರಲ್ಲಿ ತಪ್ಪಿದರೆ ಯಾರ ಮಜೂರಿಯೂ ನಿಲ್ಲುವುದಿಲ್ಲ. ಒಬ್ಬನಿಗೇ ಕಲಿಸಬೇಡಿ. ಅವನು ಬೆಳಗಾವಿಗೆ ನೌಕರಿ ಸಿಕ್ಕು ಹೋದನೆಂದರೆ ಯಂತ್ರ ಮತ್ತೆ ಸೀರೆ ಹೊದ್ದು ಕೂಡುತ್ತದೆ.

ದೊಡ್ಡವರು ಅವಸರಪಟ್ಟು ಬಿದ್ದದ್ದೂ ಉಂಟು. 1999ರಲ್ಲಿ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷಿ 11 ಕೋಟಿ ಡಾಲರಿಗೂ ಮಿಕ್ಕಿ ಸುರಿದು ಹೊಸ ತಂತ್ರಾಂಶ ತಂದಿತು. ನಾಲ್ಕು ವರ್ಷ ಬೇಕೆಂದಿದ್ದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿ, ವ್ಯಾಪಾರದ ಭರಾಟೆಯ ಹೊತ್ತಿಗೇ ಚಾಲೂ ಮಾಡಿತು. ಹ್ಯಾಲೊವೀನ್ ಹಬ್ಬಕ್ಕೆ ಗೋದಾಮಿನಲ್ಲಿ ಮಾಲು ಇದ್ದೂ ಸುಮಾರು 10 ಕೋಟಿ ಡಾಲರಿನ ಬೇಡಿಕೆ ಪೂರೈಸಲಾಗಲಿಲ್ಲ. ಅಷ್ಟು ಕಳೆದುಕೊಂಡೂ ಹರ್ಷಿ ಬದುಕಿತು. ನಮ್ಮ ಅಂಗಡಿಗೆ ಒಬ್ಬ ಒಳ್ಳೆಯ ನೇಕಾರ ಹೋದರೂ ಪೆಟ್ಟು ದೊಡ್ಡದೇ.

ಇನ್ನು ವಿದ್ಯಾರ್ಥಿಗಳಿಗೆ ಎರಡು ಮಾತು. ತರಬೇತಿ ಕೇಂದ್ರದಲ್ಲಿ ಕಲಿತದ್ದು ತಪ್ಪಲ್ಲ, ಸಾಲದು ಅಷ್ಟೆ. ರಜೆಯಲ್ಲಿ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಯಾರಾದರೂ ಪರಿಚಯದ ಅಡತಿಯವರ ಅಂಗಡಿಯಲ್ಲಿ ಹತ್ತು ದಿನ ಸುಮ್ಮನೆ ಕೂತು ನೋಡಿ. ರೈತನಿಗೆ ಕೊಡುವ ಪಟ್ಟಿಯಲ್ಲಿ ಹಮಾಲಿ ಎಲ್ಲಿ ಬರುತ್ತದೆ, ತೂಕದ ಖರ್ಚು ಯಾರ ಪಾಲು, ಮುಂಗಡ ಹೇಗೆ ಮುರಿಯುತ್ತಾರೆ, ಮರಳಿ ಬಂದ ಮಾಲಿಗೆ ಏನು ಮಾಡುತ್ತಾರೆ, ಇವನ್ನು ಬರೆದುಕೊಳ್ಳಿ. ಆಮೇಲೆ ಇದೇ ಪಟ್ಟಿಯನ್ನು ಗಣಕದಲ್ಲಿ ಮಾಡಲು ಹೊರಡಿ. ನಿಮ್ಮ ಗುರುಗಳಿಗೂ ಬಾರದ ಪ್ರಶ್ನೆ ಆಗ ನಿಮ್ಮ ಮುಂದೆ ಏಳುತ್ತವೆ. ಪಾಲಕರು ಕೂಡ ಮಗ ಸರ್ಟಿಫಿಕೇಟು ತಂದನೇ ಎಂದು ಕೇಳುವ ಬದಲು, ಒಂದು ನಿಜವಾದ ಅಂಗಡಿಯ ಒಂದು ತಿಂಗಳ ಬಿಲ್ಲುಗಳನ್ನು ತುಂಬಿ ಬ್ಯಾಂಕಿನ ಪಾಸ್‌ಬುಕ್ಕಿಗೆ ತಾಳೆ ಹಾಕಿ ತೋರಿಸಿದನೇ ಎಂದು ಕೇಳಲಿ. ಸಾವಿರಾರು ರೂಪಾಯಿ ಫೀ ಕಟ್ಟುವವರು ಇಷ್ಟು ಕೇಳುವ ಹಕ್ಕು ಉಳ್ಳವರು. ಮಗಳನ್ನು ಪೇಟೆಯ ಅಂಗಡಿಗೆ ಕಳಿಸಲು ಹಿಂಜರಿಯುವ ಮನೆಗಳು ಇನ್ನೂ ಇವೆ. ಬ್ಯಾಂಕಿನ ಕೌಂಟರಿನಲ್ಲಿ ಕೂತರೆ ಮರ್ಯಾದೆ, ಗಾದಿಯ ಮಗ್ಗುಲಲ್ಲಿ ಕೂತರೆ ಅಲ್ಲ ಎಂಬ ಲೆಕ್ಕ ನನಗಂತೂ ಅರ್ಥವಾಗಿಲ್ಲ.

ಮೊದಲು ಹೇಳಿದ ಬನಹಟ್ಟಿಯ ಅಂಗಡಿಗೆ ಮೊನ್ನೆ ಮತ್ತೆ ಹೋಗಿದ್ದೆ. ಈಗ ಅಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ, ನೇಕಾರರ ಮನೆಯವಳು. ಅವಳು ಬಂದ ಮೊದಲ ವಾರ ಗಣಕ ಮುಟ್ಟಲೇ ಇಲ್ಲವಂತೆ, ದಿವಾನಜಿಯ ವಹಿಯನ್ನೇ ಓದಿದಳಂತೆ. ಸೀರೆಗಳಿಗೆ ಹನ್ನೊಂದು ಹೆಸರಿನ ಪಟ್ಟಿ ಮಾಡಿದ್ದಾಳೆ, ಗಜ ಬೇರೆ, ಅಂಚು ಬೇರೆ, ನೂಲಿನ ತೂಕ ಬೇರೆ. ನೇಕಾರರ ಖಾತೆಯಲ್ಲಿ ಮಾಲು ಹೋದದ್ದಕ್ಕೊಂದು, ಬಂದದ್ದಕ್ಕೊಂದು ಚೀಟಿ. ದಿವಾನಜಿಯವರು ಪ್ರತಿ ಸಂಜೆ ಮುದ್ರಿಸಿದ ಹಾಳೆಗೆ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಾರೆ. ಅವರ ಸಂಬಳ ನಿಂತಿಲ್ಲ.

ನಾನು ಇರುವಾಗಲೇ ನೇಕಾರನೊಬ್ಬ ಬಂದು ತನ್ನ ಬಾಕಿ ನೂಲಿನ ಕಾಗದ ಕೇಳಿದ. ಕನ್ನಡದಲ್ಲಿತ್ತು. ಅಂಗಿಯ ಕಿಸೆಯಿಂದ ತನ್ನ ಸಣ್ಣ ಪುಸ್ತಕ ತೆಗೆದು ತಾಳೆ ನೋಡಿ, “ಅರ್ಧಾ ಕಿಲೋ ಫರಕ್ ಬರ್ತದಲ್ಬೇ ತಂಗಿ” ಎಂದ. ಹುಡುಗಿ ದಿವಾನಜಿಯ ಮುಖ ನೋಡಿದಳು. “ಹಾಳಾದ ನೂಲಿಂದ ಇರಬೇಕ್ ಬೇ, ಅದನ್ನ ಎಲ್ಲಿ ಹಿಡದಿ?” ಎಂದು ಅವರು ಕೇಳಿದರು. ಹಾಳು ನೂಲಿಗೆಂದು ಅದರಲ್ಲಿ ಖಾನೆ ಇನ್ನೂ ಮಾಡಿರಲಿಲ್ಲ. “ನಾಳಿಗೆ ಮಾಡ್ತೀನ್ರಿ ಕಾಕಾ” ಎಂದವಳೇ ಕಾಗದದ ಮೇಲೆ ಪೆನ್ನಿನಿಂದ ಅರ್ಧ ಕಿಲೋ ಕಳೆದು, ಸಹಿ ಹಾಕಿ, ಅವನ ಕೈಗೆ ಕೊಟ್ಟಳು.